ಸಾಕ್ಷಿಗೆ ಬಂದವರು ಯಾರು? ಒಂದು ಲೇಖನಕ್ಕೆ ಸಂಪಾದಕರ ಉತ್ತರ

ನಮಸ್ಕಾರ.

ನಿಮ್ಮ ‘ಬೇರುಗಳ ಹುಡುಕಾಟ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಹಾಗಂತ ಎರಡು ಸಾಲಿನ ವಿಷಾದದ ಪತ್ರ ಬರೆದು ಕೈತೊಳೆದುಕೊಳ್ಳಲು ಮನಸ್ಸೂ ಬರಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಸ್ವಲ್ಪ ಖಾರ ಜಾಸ್ತಿ ಅನಿಸಿದರೆ ಬೇಜಾರು ಮಾಡಿಕೊಳ್ಳಬೇಡಿ.

ನೀವು ಬರೆದದ್ದನ್ನು ನನ್ನ ಮಾತಿನಲ್ಲಿ ಒಮ್ಮೆ ಹೇಳುತ್ತೇನೆ, ನಾನು ಸರಿಯಾಗಿ ಓದಿದ್ದೇನಾ ನೋಡಿ. ನೀವಿರುವುದು ಕಾನ್ಸಾಸ್ ರಾಜ್ಯದ ವಿಚಿಟಾದಲ್ಲಿ. ನಿಮ್ಮ ಜೊತೆ ಕೆಲಸ ಮಾಡುವವರೊಬ್ಬರ ತಾಯಿ, ಎಂಬತ್ತು ದಾಟಿದ ಕಪ್ಪು ಹೆಂಗಸು, ತಮ್ಮ ಹಿರಿಯರ ಬಗ್ಗೆ ಹುಡುಕಲು ನಿಮ್ಮ ಸಹಾಯ ಕೇಳಿದರು. ಅವರ ಹಿರಿಯರು ಕೆಂಟಕಿ ರಾಜ್ಯದ ಸ್ಕಾಟ್ ಕೌಂಟಿಯಲ್ಲಿ ಗುಲಾಮರಾಗಿದ್ದವರು. 1877ರಲ್ಲಿ ಅಲ್ಲಿಂದ ಹೊರಟು ಕಾನ್ಸಾಸಿನ ಗ್ರಹಾಂ ಕೌಂಟಿಯ ನಿಕೋಡೆಮಸ್ ಎಂಬ ಹೊಸ ಊರಿಗೆ ಬಂದರು. ನೀವು ಅಜ್ಜಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಆ ಊರಿಗೆ ಹೋದಿರಿ. ಹಿಲ್ ಸಿಟಿಯ ಕೋರ್ಟ್‌ಹೌಸಿನಲ್ಲಿ ಕಾಗದ ತೆಗೆಸಿದಿರಿ. ಸ್ಮಶಾನ ಸುತ್ತಿದಿರಿ. ರಾತ್ರಿಯೆಲ್ಲ ಕೂತು ಜನಗಣತಿಯ ಹಾಳೆ ನೋಡಿದಿರಿ. ಕೊನೆಗೆ ಆರು ತಲೆಮಾರಿನ ಪಟ್ಟಿ ಮಾಡಿ ಅಜ್ಜಿಗೆ ಕೊಟ್ಟಿರಿ.

ಇಷ್ಟು ಸರಕು ಕೈಯಲ್ಲಿಟ್ಟುಕೊಂಡು ಮೊದಲ ಎರಡು ಪುಟ ಏನು ಬರೆದಿದ್ದೀರಿ? ಮನುಷ್ಯನಿಗೆ ಬೇರು ಏಕೆ ಬೇಕು ಅಂತ. ಬೈಬಲಿನ ನಿಕೋಡೆಮಸ್ ಯಾರು ಅಂತ. ಯಾವ ವೆಬ್‌ಸೈಟಿಗೆ ತಿಂಗಳಿಗೆ ಎಷ್ಟು ಚಂದಾ ಅಂತ. ಅಜ್ಜಿ ಬರುವುದು ಮೂರನೇ ಪುಟದಲ್ಲಿ! ಆ ಎರಡು ಪುಟ ತೆಗೆದುಬಿಡಿ. ಏನೂ ನಷ್ಟವಾಗುವುದಿಲ್ಲ. ‘ಮನೆತನದ ಮರ’ ಅನ್ನುವುದೂ ಬೇಡ. ನಮ್ಮಲ್ಲಿ ವಂಶಾವಳಿ ಅಂತ ಒಳ್ಳೆ ಮಾತಿದೆ, ತಹಶೀಲ್ದಾರ್ ಕಚೇರಿಯಲ್ಲಿ ಕೂಡ ಅದನ್ನೇ ಕೇಳುತ್ತಾರೆ.

‘ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದ ಹಾಗೆ’ ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಜಿಲ್ಲೆ ಅಂದ ತಕ್ಷಣ ಓದುಗನ ಕಣ್ಣ ಮುಂದೆ ಡಿಸಿ ಆಫೀಸು, ಬಸ್ ಸ್ಟ್ಯಾಂಡು, ಲಕ್ಷಗಟ್ಟಲೆ ಜನ ಬರುತ್ತಾರೆ. 2020ರ ಗಣತಿಯ ಪ್ರಕಾರ ಇಡೀ ಗ್ರಹಾಂ ಕೌಂಟಿಯ ಜನಸಂಖ್ಯೆ ಎರಡೂವರೆ ಸಾವಿರಕ್ಕಿಂತ ಕಡಿಮೆ. ನಮ್ಮ ಒಂದು ದೊಡ್ಡ ಹಳ್ಳಿಯಷ್ಟೂ ಇಲ್ಲ. ಅಷ್ಟೇ ಜನಕ್ಕೆ ಒಂದು ಕೋರ್ಟ್‌ಹೌಸು, ಅದರಲ್ಲಿ ಜಮೀನಿನ ಪತ್ರಗಳ ಕಚೇರಿ. ನಮ್ಮ ಸಬ್ ರಿಜಿಸ್ಟ್ರಾರ್ ಆಫೀಸಿನಂಥದ್ದು. ಕೌಂಟರಿನ ಹಿಂದಿದ್ದ ಹೆಂಗಸು ಅಜ್ಜಿಯ ಅಡ್ಡಹೆಸರು ಕೇಳಿದ ಕೂಡಲೇ ‘ಓ, ಅವರಾ’ ಅಂದರು ಅಂತ ಬರೆದಿದ್ದೀರಲ್ಲ, ಅಷ್ಟು ಸಣ್ಣ ಕೌಂಟಿ ಆದ್ದರಿಂದಲೇ ಅದು ಆದದ್ದು. ಜಿಲ್ಲೆಯ ಹೋಲಿಕೆ ಬಿಟ್ಟು ಆ ಹೆಂಗಸನ್ನು ಅಲ್ಲಿಗೆ ತನ್ನಿ.

ಇನ್ನು ತಪ್ಪುಗಳು. ‘1863ರಲ್ಲಿ ಲಿಂಕನ್ ಘೋಷಣೆಯಿಂದ ಈ ಕುಟುಂಬ ಸ್ವತಂತ್ರವಾಯಿತು’ ಎಂದಿದ್ದೀರಿ. ಆಗಲಿಲ್ಲ. ಆ ಘೋಷಣೆ ಅಂತರ್ಯುದ್ಧದಲ್ಲಿ ಒಕ್ಕೂಟದ ವಿರುದ್ಧ ದಂಗೆ ಎದ್ದ ರಾಜ್ಯಗಳಿಗೆ ಮಾತ್ರ. ಕೆಂಟಕಿ ಒಕ್ಕೂಟದಲ್ಲೇ ಉಳಿದಿತ್ತು. ಹಾಗಾಗಿ ಅಲ್ಲಿ ಗುಲಾಮಗಿರಿ ಕಾನೂನುಬದ್ಧವಾಗಿಯೇ ಮುಂದುವರಿಯಿತು. 1865ರ ಡಿಸೆಂಬರಿನಲ್ಲಿ ಸಂವಿಧಾನದ 13ನೇ ತಿದ್ದುಪಡಿ ಜಾರಿಯಾದ ಮೇಲೆ ಬಿಡುಗಡೆ ಸಿಕ್ಕಿತು. ಕೆಂಟಕಿಯ ಶಾಸನಸಭೆ ಆ ತಿದ್ದುಪಡಿಗೆ ಒಪ್ಪಿಗೆ ಕೊಟ್ಟದ್ದು ಯಾವಾಗ ಗೊತ್ತಾ? 1976ರಲ್ಲಿ. ಅಷ್ಟು ಹೊತ್ತಿಗೆ ನಿಮ್ಮ ಅಜ್ಜಿ ದೊಡ್ಡವರಾಗಿದ್ದರು. ಅವರಿಗೆ ಇದು ಗೊತ್ತಿತ್ತಾ, ಕೇಳಿ ನೋಡಿ.

ಇದು ಬರೀ ಇಸವಿಯ ತಕರಾರಲ್ಲ. ಕೆಂಟಕಿಯ ಎಷ್ಟೋ ಕಪ್ಪು ಗಂಡಸರು 1864-65ರಲ್ಲಿ ಒಕ್ಕೂಟದ ಸೈನ್ಯಕ್ಕೆ ಸೇರಿದರು. ಸೇರಿದವರಿಗೆ ಬಿಡುಗಡೆ. 1865ರ ಮಾರ್ಚಿನಿಂದ ಅವರ ಹೆಂಡತಿ ಮಕ್ಕಳಿಗೂ ಬಿಡುಗಡೆ. ಹಾಗೆ ಸೈನ್ಯ ಸೇರಲು ಹೋಗುತ್ತಿದ್ದ ಕ್ಯಾಂಪ್ ನೆಲ್ಸನ್ ಎಂಬ ಶಿಬಿರ ಸ್ಕಾಟ್ ಕೌಂಟಿಯಿಂದ ತುಂಬ ದೂರವೇನಲ್ಲ. ನಿಮ್ಮ ಪಟ್ಟಿಯ ಮೊದಲ ಗಂಡಸಿಗೆ ಆಗ ಇಪ್ಪತ್ತರ ಆಸುಪಾಸು. ಆತ ಸೇರಿದ್ದನೋ ಇಲ್ಲವೋ ನೀವು ನೋಡಿಯೇ ಇಲ್ಲ. ಸೇರಿದ್ದರೆ ಪಿಂಚಣಿ ಕಡತ ಇರಬಹುದು. ವಿಧವೆ ಪಿಂಚಣಿ ಕೇಳಿದ್ದರೆ ಇನ್ನೂ ಒಳ್ಳೆಯದು. ಮದುವೆ ಯಾವಾಗ, ಯಾರ ಮನೆಯಲ್ಲಿ, ಯಾರು ನೋಡಿದ್ದರು ಅಂತ ನೆರೆಹೊರೆಯವರೆಲ್ಲ ಪ್ರಮಾಣ ಮಾಡಿ ಹೇಳಿರುತ್ತಾರೆ.

ಎರಡನೆಯದು, ಇವರನ್ನು ‘ಎಕ್ಸೊಡಸ್ಟರ್’ ಅಂತ ಕರೆದಿದ್ದೀರಿ. ಆ ಹೆಸರು ಬಿದ್ದದ್ದು 1879ರಲ್ಲಿ ಮಿಸಿಸಿಪ್ಪಿ, ಲೂಯಿಸಿಯಾನಾ ಕಡೆಯಿಂದ ಗುಂಪು ಗುಂಪಾಗಿ ಎದ್ದು ಬಂದವರಿಗೆ. ನಿಕೋಡೆಮಸ್ ಅದಕ್ಕಿಂತ ಎರಡು ವರ್ಷ ಹಿಂದಿನದು. ಡಬ್ಲ್ಯು. ಆರ್. ಹಿಲ್ ಎಂಬ ಬಿಳಿಯ ಭೂವ್ಯಾಪಾರಿ, ಡಬ್ಲ್ಯು. ಎಚ್. ಸ್ಮಿತ್ ಎಂಬ ಕಪ್ಪು ಪಾದ್ರಿ ಮತ್ತು ಇನ್ನು ಕೆಲವರು ಸೇರಿ ಕಂಪನಿ ಮಾಡಿ, ಕರಪತ್ರ ಹಂಚಿ, ಜನ ಕರೆತಂದ ಊರು ಅದು. ಒಂಥರ ಲೇಔಟ್ ಮಾಡಿ ಸೈಟು ಮಾರಿದ ಹಾಗೆ. ಕರಪತ್ರದಲ್ಲಿದ್ದ ಸ್ವರ್ಗಕ್ಕೂ ಅಲ್ಲಿದ್ದ ಬಯಲಿಗೂ ಸಂಬಂಧವೇ ಇರಲಿಲ್ಲ. ಎಲ್ಲಿಸ್ ಸ್ಟೇಷನ್ನಿನಲ್ಲಿ ರೈಲು ಇಳಿದು ಮೂವತ್ತು ಚಿಲ್ಲರೆ ಮೈಲಿ ನಡೆದು ಬಂದವರಲ್ಲಿ ಕೆಲವರು ಅದನ್ನು ನೋಡಿ ವಾಪಸ್ ಹೊರಟೇ ಹೋದರು. ಈಗ ಕೌಂಟಿಯ ಮುಖ್ಯ ಪಟ್ಟಣ ಹಿಲ್ ಸಿಟಿ ಅಂತ ಇದೆಯಲ್ಲ, ಅದು ಅದೇ ಹಿಲ್‌ನ ಹೆಸರು. ನೀವು ಕಾಗದ ತೆಗೆಸಿದ್ದು ಆ ಊರಿನಲ್ಲೇ. ಇದು ನಿಮ್ಮ ಕಣ್ಣಿಗೆ ಬೀಳಲಿಲ್ವಾ?

ಮೂರನೆಯದು ಸ್ವಲ್ಪ ಗಂಭೀರ. 1860ರ ‘ಸ್ಲೇವ್ ಶೆಡ್ಯೂಲ್’, ಅಂದರೆ ಗಣತಿಯಲ್ಲಿ ಗುಲಾಮರದ್ದೇ ಬೇರೆ ಮಾಡಿದ ಪಟ್ಟಿ, ನೋಡಿ, ಈ ಹಿರಿಯ ಇಂಥ ಮಾಲೀಕನ ಬಳಿ ಇದ್ದ ಅಂತ ಖಚಿತವಾಗಿ ಬರೆದುಬಿಟ್ಟಿದ್ದೀರಿ. ಆಧಾರವೇನು? ಅಡ್ಡಹೆಸರು ಒಂದೇ, ವಯಸ್ಸು ಹೊಂದುತ್ತದೆ. ಅಷ್ಟೇ. ಆ ಹಾಳೆಯಲ್ಲಿ ಮಾಲೀಕನ ಹೆಸರಿರುತ್ತದೆ. ಕೆಳಗೆ ಗುಲಾಮರದು ವಯಸ್ಸು, ಗಂಡೋ ಹೆಣ್ಣೋ, ಬಣ್ಣ. ಹೆಸರಿಲ್ಲ. ಇವರಲ್ಲಿ ಹೆಚ್ಚಿನವರ ಹೆಸರು ಮೊದಲ ಸಲ ಗಣತಿಗೆ ಬಂದದ್ದೇ 1870ರಲ್ಲಿ. ಬಿಡುಗಡೆಯಾದವರೆಲ್ಲ ಕೊನೆಯ ಮಾಲೀಕನ ಅಡ್ಡಹೆಸರನ್ನೇ ಇಟ್ಟುಕೊಂಡರು ಅನ್ನುವುದೂ ಸುಳ್ಳು. ಕೆಲವರು ಹಳೆಯ ಮಾಲೀಕನದು, ಕೆಲವರು ತಂದೆ ಇದ್ದ ಮನೆಯದು, ಕೆಲವರು ತಮಗೆ ಬೇಕಾದದ್ದು ಇಟ್ಟುಕೊಂಡರು. ‘15 ವರ್ಷ, ಗಂಡು’ ಅನ್ನುವ ಸಾಲಿಗೆ ನೀವು ಒಬ್ಬ ಮನುಷ್ಯನ ಹೆಸರು ಅಂಟಿಸಿದರೆ ಅಜ್ಜಿಯ ಮೊಮ್ಮಕ್ಕಳು ಅದನ್ನೇ ನಿಜ ಅಂತ ನಂಬುತ್ತಾರೆ. ಊಹೆ ಅಂತಲೇ ಬರೆಯಿರಿ. ಇಲ್ಲಾಂದ್ರೆ ಆ ಮಾಲೀಕನ ಉಯಿಲು, ಅವನು ಸತ್ತಾಗ ಮಾಡಿದ ಆಸ್ತಿ ಪಟ್ಟಿ ಸ್ಕಾಟ್ ಕೌಂಟಿಯ ಕೋರ್ಟಿನಲ್ಲಿ ಇದೆಯಾ ಹುಡುಕಿ. ಕುದುರೆ, ನೇಗಿಲು, ಹಾಸಿಗೆಯ ಜೊತೆಗೆ ಮನುಷ್ಯರ ಹೆಸರೂ ಪಕ್ಕದಲ್ಲಿ ಬೆಲೆಯೂ ಬರೆದಿರುತ್ತಾರೆ. ಓದಲು ಕಷ್ಟವಾಗುತ್ತದೆ. ಆದರೆ ಹೆಸರು ಸಿಗುವುದು ಅಲ್ಲೇ.

‘1880ರಿಂದ 1900ರವರೆಗೆ ಯಾವ ದಾಖಲೆಯೂ ಇಲ್ಲ, 1890ರ ಗಣತಿ ಸುಟ್ಟುಹೋಗಿದೆ’ ಎಂದಿದ್ದೀರಿ. ಅರ್ಧ ಸರಿ. 1921ರಲ್ಲಿ ವಾಷಿಂಗ್ಟನ್ನಿನಲ್ಲಿ ಬಿದ್ದ ಬೆಂಕಿಯಿಂದ ಅದು ಹೆಚ್ಚುಕಡಿಮೆ ಪೂರ್ತಿ ಹಾಳಾಯಿತು, ನಿಜ. ಆದರೆ ಕಾನ್ಸಾಸ್ ರಾಜ್ಯ ತನ್ನದೇ ಗಣತಿ ಮಾಡುತ್ತಿತ್ತು. 1885, 1895ರ ಹಾಳೆಗಳು ಉಳಿದಿವೆ. 1885ರದರಲ್ಲಿ ‘ಕಾನ್ಸಾಸಿಗೆ ಎಲ್ಲಿಂದ ಬಂದಿರಿ’ ಅಂತ ಒಂದು ಕಾಲಂ ಇದೆ. ವಲಸೆಯ ಬಗ್ಗೆ ಬರೆಯುವವರು ಮೊದಲು ನೋಡಬೇಕಾದ ಕಾಲಂ ಅದು. ಹುಟ್ಟಿದ ರಾಜ್ಯವೇ ಬೇರೆ, ಎಲ್ಲಿಂದ ಬಂದರು ಅನ್ನುವುದೇ ಬೇರೆ. ನಡುವೆ ಎಲ್ಲಾದರೂ ನಾಲ್ಕು ವರ್ಷ ನಿಂತಿದ್ದರೆ ಸುಳಿವು ಸಿಗುವುದು ಅಲ್ಲಿ.

ಈಗ ಹೊಗೆಯ ವಿಷಯ. ‘ನಮ್ಮ ಮುತ್ತಜ್ಜಿ ಬಂದಾಗ ಊರೇ ಕಾಣಲಿಲ್ಲವಂತೆ, ನೆಲದಿಂದ ಹೊಗೆ ಏಳುತ್ತಿತ್ತಂತೆ, ನೋಡಿ ಅತ್ತುಬಿಟ್ಟಳಂತೆ’ ಅಂತ ಅಜ್ಜಿ ಹೇಳುತ್ತಾರೆ. ಜನ ನೆಲ ಅಗೆದು ಬಿಲದಂಥ ಮನೆ ಮಾಡಿಕೊಂಡಿದ್ದರು. ಅದರ ಹೊಗೆ. ನಿಮ್ಮ ಲೇಖನದ ಅತ್ಯಂತ ಒಳ್ಳೆಯ ಜಾಗ ಇದು. ತೊಂದರೆ ಏನೆಂದರೆ 1878ರಲ್ಲಿ ಅಲ್ಲಿಗೆ ಬಂದ ವಿಲಿಯಾನಾ ಹಿಕ್‌ಮನ್ ಎಂಬಾಕೆ ಹೇಳಿಕೊಂಡದ್ದೂ ಇದೇ, ಹೆಚ್ಚುಕಡಿಮೆ ಹೀಗೇ. ನಿಕೋಡೆಮಸ್ ಬಗ್ಗೆ ಬರೆದವರೆಲ್ಲ ಆಕೆಯ ಮಾತನ್ನು ಎತ್ತಿ ಹೇಳುತ್ತಾರೆ. 1996ರಲ್ಲಿ ಊರು ರಾಷ್ಟ್ರೀಯ ಐತಿಹಾಸಿಕ ತಾಣವಾದ ಮೇಲಂತೂ ಹೋದವರೆಲ್ಲ ಕೇಳಿ ಬರುವ ಕತೆ ಅದು. ಅಜ್ಜಿ ಸುಳ್ಳು ಹೇಳಿದರು ಅನ್ನುತ್ತಿಲ್ಲ. ಒಂದೇ ಹೊಗೆ ನೋಡಿ ಇಬ್ಬರು ಅತ್ತಿರಬಹುದು. ಆದರೆ ಪ್ರಸಿದ್ಧವಾದ ಕತೆ ಎಲ್ಲರ ಮನೆಗೂ ನುಗ್ಗಿಬಿಡುತ್ತದೆ. ಯಾರಿಂದ ಕೇಳಿದಿರಿ, ಎಷ್ಟು ವಯಸ್ಸಿನಲ್ಲಿ, ಅಡುಗೆಮನೆಯಲ್ಲೋ, ಊರು ಬಿಟ್ಟವರೆಲ್ಲ ಬಂದು ಸೇರುವ ಹೋಮ್‌ಕಮಿಂಗ್ ಹಬ್ಬದಲ್ಲೋ ಅಂತ ಮೆತ್ತಗೆ ಕೇಳಿ. ಅವರು ಏನೇ ಹೇಳಿದರೂ ಅದು ಲೇಖನಕ್ಕೆ ಬೇಕು.

ನಾನು ಈ ಪತ್ರ ಬರೆಯಲು ಕೂತದ್ದೇ ನಿಮ್ಮ ಒಂಬತ್ತನೇ ಪುಟದ ಒಂದು ಸಾಲಿಗೋಸ್ಕರ. ‘ಹೋಮ್‌ಸ್ಟೆಡ್ ಕಡತದಲ್ಲಿ ಇಬ್ಬರು ಸಾಕ್ಷಿಗಳ ಹೇಳಿಕೆಯೂ ಇದೆ’ ಅಂತ ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ಅಯ್ಯೋ!

1862ರ ಹೋಮ್‌ಸ್ಟೆಡ್ ಕಾಯಿದೆ ಪ್ರಕಾರ 160 ಎಕರೆ ಸರ್ಕಾರಿ ಜಮೀನು ಸಿಗುತ್ತಿತ್ತು. ಐದು ವರ್ಷ ಅಲ್ಲೇ ಇರಬೇಕು, ಮನೆ ಕಟ್ಟಬೇಕು, ಉಳಬೇಕು. ಆಮೇಲೆ ಇದನ್ನೆಲ್ಲ ಮಾಡಿದ್ದೇನೆ ಅಂತ ಸಾಬೀತು ಮಾಡಬೇಕು. ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು, ಅದರಲ್ಲಿ ನಾಲ್ವರು ಸಾಕ್ಷಿಗಳ ಹೆಸರಿರಬೇಕು. ಅವರಲ್ಲಿ ಇಬ್ಬರು ಹೋಗಿ ಹೇಳಿಕೆ ಕೊಡಬೇಕು. ಮನೆ ಎಷ್ಟು ಅಡಿ, ಎಷ್ಟು ಎಕರೆ ಉತ್ತಿದ್ದಾನೆ, ಏನು ಬೆಳೆದ, ಹೆಂಡತಿ ಮಕ್ಕಳು ಎಷ್ಟು, ಊರು ಬಿಟ್ಟು ಎಷ್ಟು ದಿನ ಹೋಗಿದ್ದ, ಎಲ್ಲ ಕೇಳುತ್ತಾರೆ. ಇನ್ನೊಬ್ಬನ ಬದುಕಿನ ಬಗ್ಗೆ ಇಷ್ಟು ಹೇಳಬೇಕಾದರೆ ಆತ ಪಕ್ಕದ ಮನೆಯವನೇ ಆಗಿರಬೇಕು, ಇಲ್ಲ ನೆಂಟನಾಗಿರಬೇಕು. ಅಲ್ವಾ?

ನಿಮ್ಮದೇ ಪಟ್ಟಿ ತೆಗೆದು ನೋಡಿ. ಎರಡನೇ ಸಾಕ್ಷಿಯ ಅಡ್ಡಹೆಸರೂ ಅಜ್ಜಿಯ ಮುತ್ತಜ್ಜಿಯ ತವರಿನ ಅಡ್ಡಹೆಸರೂ ಒಂದೇ. ಇದು ನಿಮಗೆ ಹೊಳೆದೇ ಇಲ್ಲ! ಆತ ಆಕೆಯ ಅಣ್ಣನೋ ತಮ್ಮನೋ ಚಿಕ್ಕಪ್ಪನೋ ಆಗಿದ್ದರೆ ದಾರಿ ತೆರೆದುಕೊಳ್ಳುತ್ತದೆ. 1870ರ ಗಣತಿಯಲ್ಲಿ ಸ್ಕಾಟ್ ಕೌಂಟಿಯಲ್ಲಿ ಆತನನ್ನು ಹುಡುಕಿ. ಆ ಹಾಳೆಯಲ್ಲಿ ಮೇಲಿನ ಹತ್ತು ಮನೆ, ಕೆಳಗಿನ ಹತ್ತು ಮನೆ ಯಾರದು ನೋಡಿ. ಇವರು ಒಬ್ಬೊಬ್ಬರೇ ವಲಸೆ ಬಂದವರಲ್ಲ. ಒಂದೇ ಕೇರಿಯ, ಒಂದೇ ಚರ್ಚಿನ ಜನ ಒಟ್ಟಿಗೆ ಎದ್ದು ಬಂದವರು. ಒಬ್ಬನ ದಾರಿ ಮುಚ್ಚಿದ್ದರೆ ಪಕ್ಕದವನ ದಾರಿ ತೆರೆದಿರುತ್ತದೆ. ಪ್ರಕಟಣೆಗೂ ಹುಡುಕಿ. 1886ರಲ್ಲಿ ‘ವೆಸ್ಟರ್ನ್ ಸೈಕ್ಲೋನ್’, 1887ರಲ್ಲಿ ‘ನಿಕೋಡೆಮಸ್ ಎಂಟರ್‌ಪ್ರೈಸ್’ ಅಂತ ಆ ಪುಟ್ಟ ಊರಲ್ಲೇ ಎರಡು ಪತ್ರಿಕೆ ಇದ್ದವು. ರೈಲು ಬರುತ್ತದೆ ಅಂತ ಎಲ್ಲರೂ ಕಾದಿದ್ದ ಕಾಲ. 1888ರಲ್ಲಿ ರೈಲು ನದಿಯ ಆಚೆ ಕೆಲವೇ ಮೈಲಿ ದೂರದಲ್ಲಿ ಹೋಯಿತು. ಅಂಗಡಿಗಳು ಹಳಿಯ ಪಕ್ಕದ ಬೋಗ್ ಎಂಬ ಊರಿಗೆ ಎದ್ದು ಹೋದವು. ನಿಮ್ಮ ಕುಟುಂಬ ಹೋಗಲಿಲ್ಲ. ಯಾಕೆ? ಐದು ವರ್ಷ ಕಷ್ಟಪಟ್ಟು ಮಾಡಿಕೊಂಡ ಜಮೀನು ಅಂತಲಾ? ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ ಬರೆಯಿರಿ, ಪರವಾಗಿಲ್ಲ.

ಲೇಖನ ಶುರುವಾಗಬೇಕಾದ್ದು ಆ ಇಬ್ಬರು ಸಾಕ್ಷಿಗಳಿಂದ. ಆರು ತಲೆಮಾರಿನ ಪಟ್ಟಿ ಅಜ್ಜಿಯ ಮನೆಯವರಿಗೆ ಬೇಕು. ನಮ್ಮ ಓದುಗರಿಗೆ ಒಬ್ಬ ಮನುಷ್ಯ ಸಾಕು, ಅವನು ಹೊಲದ ಬದುವಿನಲ್ಲಿ ನಿಂತಿರಬೇಕು.

ಕೊನೆಯ ಪುಟದಲ್ಲಿ ‘ಅಮೆರಿಕದಲ್ಲಿ ಹೆಳವರಿಲ್ಲ’ ಅಂತ ಒಂದು ಸಾಲು ಇದೆ. ಓದಿ ಖುಷಿಯಾಯಿತು. ನಾವು ಚಿಕ್ಕವರಿದ್ದಾಗ ಸುಗ್ಗಿ ಮುಗಿದ ಮೇಲೆ ಹೆಳವ ಎತ್ತಿನ ಮೇಲೆ ಕೂತು ಬೆಳಗಿನ ಜಾವ ಮನೆ ಮುಂದೆ ಬರುತ್ತಿದ್ದ. ನಮ್ಮ ಹಿರಿಯರು ಯಾವ ಊರಿಂದ ಎದ್ದು ಬಂದರು, ಯಾರ ಮಗ ಯಾರು, ಎಲ್ಲ ಹೇಳುತ್ತಿದ್ದ. ಕಾಳು, ಬಟ್ಟೆ ಇಸಿದುಕೊಂಡು ಹೋಗುತ್ತಿದ್ದ. ನಮ್ಮ ದೊಡ್ಡಜ್ಜ ಅಣ್ಣತಮ್ಮಂದಿರ ಜೊತೆ ಹೊಡೆದಾಡಿ ಊರು ಬಿಟ್ಟವನು. ಹೆಳವನ ಬಾಯಲ್ಲಿ ಅದು ‘ವ್ಯಾಪಾರಕ್ಕೆ ಹೋದರು’ ಅಂತಾಗುತ್ತಿತ್ತು. ಕಾಳು ಕೊಡುವವರು ನಾವಲ್ಲವೇ! ನಿಮ್ಮ ಅಜ್ಜಿಯ ಹಿರಿಯರ ಲೆಕ್ಕ ಇಟ್ಟವರು ಅವರನ್ನು ಕೊಂಡವರು, ಮಾರಿದವರು. ಅವರಿಗೆ ಮೆಚ್ಚಿಸುವ ಅಗತ್ಯವೇ ಇರಲಿಲ್ಲ, ಹೆಸರು ಬರೆಯುವ ಅಗತ್ಯವೂ ಇರಲಿಲ್ಲ. ಹೋಲಿಕೆ ಮಾಡುವುದಾದರೆ ಈ ವ್ಯತ್ಯಾಸವನ್ನೂ ಹೇಳಿ. ಆದರೆ ಕೊನೆಗೆ ಬೇಡ, ಎಲ್ಲಾದರೂ ನಡುವೆ ಬರಲಿ.

ಹದಿನೈದು ಪುಟ ಇದೆ. ಏಳು ಪುಟಕ್ಕೆ ಇಳಿಸಿ ಕಳಿಸಿ. ಗಡಿಬಿಡಿ ಇಲ್ಲ, ಎರಡು ತಿಂಗಳು ತೆಗೆದುಕೊಳ್ಳಿ. ಅಜ್ಜಿಯ ಹೆಸರು ಹಾಕಲು ಅವರನ್ನೇ ಕೇಳಿ, ಮಗನನ್ನಲ್ಲ. ಸ್ಮಶಾನದ ನಾಲ್ಕು ಫೋಟೋಗಳಲ್ಲಿ ಮೂರರಲ್ಲಿ ನೀವೇ ಇದ್ದೀರಿ. ಕಲ್ಲಿನದು ಒಂದೇ ಸಾಕು, ಅಕ್ಷರ ಓದಲು ಬರುವ ಹಾಗೆ.

ಇನ್ನೊಂದು. ಆ ಎರಡನೇ ಸಾಕ್ಷಿಯ ಮೊದಲ ಹೆಸರನ್ನು ನೀವು ಒಂಬತ್ತನೇ ಪುಟದಲ್ಲಿ ಒಂದು ಥರ, ಪಟ್ಟಿಯಲ್ಲಿ ಇನ್ನೊಂದು ಥರ ಬರೆದಿದ್ದೀರಿ. ನಿಮ್ಮ ಕೈತಪ್ಪೋ, ಗುಮಾಸ್ತನ ಕೈತಪ್ಪೋ, ಅಥವಾ ಅವರು ಇಬ್ಬರು ಬೇರೆ ಬೇರೆ ಮನುಷ್ಯರೋ? ಕಡತದ ಆ ಹಾಳೆಯ ಫೋಟೋ ಮೊದಲು ಕಳಿಸಿ.