ಪಂದ್ಯಕ್ಕೆ ಮೊದಲು ಟೇಬಲ್ ಟೆನಿಸ್ (ಟಿಟಿ) ಬ್ಯಾಟಿನಲ್ಲಿ ಏನೇನು ಪರೀಕ್ಷಿಸುತ್ತಾರೆ? ಹೊಸ ರಬ್ಬರ್ ಹಾಕಿಸಬಹುದೇ?

ಮಗಳು ಉಪಜಿಲ್ಲೆ ದಾಟಿ ಮುಂದಿನ ಮಟ್ಟಕ್ಕೆ ಹೋಗುತ್ತಿದ್ದಾಳೆ, ಅಲ್ಲಿ ಬ್ಯಾಟ್ ತಿರಸ್ಕರಿಸಿದರೆ ಏನು ಮಾಡುವುದು ಎಂದು ಕೇಳಿದ್ದೀರಿ. ಹೊಸ ರಬ್ಬರ್ ಧಾರಾಳವಾಗಿ ಹಾಕಿಸಿ, ಆದರೆ ಪಂದ್ಯಕ್ಕೆ ಒಂದು ವಾರ ಮೊದಲೇ. ಕಾಸರಗೋಡಿನ ಮಳೆಗಾಲದಲ್ಲಿ ಹಿಂದಿನ ರಾತ್ರಿ ಅಂಟಿಸಿದ ರಬ್ಬರನ್ನು ನಾನಂತೂ ನಂಬುವುದಿಲ್ಲ.

ಮೊದಲು ಕಣ್ಣಿಗೆ ಕಾಣುವುದನ್ನು ನೋಡಿ. ಎರಡೂ ರಬ್ಬರಿನ ಮೇಲೆ ಹಿಡಿಯ ಹತ್ತಿರ ಐಟಿಟಿಎಫ್ (ಅಂತರರಾಷ್ಟ್ರೀಯ ಟೇಬಲ್ ಟೆನಿಸ್ ಫೆಡರೇಷನ್) ಗುರುತು ಮತ್ತು ಸಂಖ್ಯೆ ಅಚ್ಚಾಗಿರಬೇಕು. ಪೊಟ್ಟಣದ ಮೇಲೆ ಇದ್ದರೆ ಸಾಲದು. ಅಂಗಡಿಯಲ್ಲಿ ಸಿಗುವ ಅಗ್ಗದ ರೆಡಿಮೇಡ್ ಬ್ಯಾಟುಗಳಲ್ಲಿ ಹಲವು ಬಾರಿ ಈ ಗುರುತೇ ಇರುವುದಿಲ್ಲ. ಕತ್ತರಿಸುವಾಗ ಅದು ತುಂಡಾಗದಂತೆಯೂ ಜಾಗ್ರತೆ ಬೇಕು. ಒಂದು ಬದಿ ಕಪ್ಪು ಇರಲೇಬೇಕು. ಇನ್ನೊಂದು ಬದಿಗೆ ಕೆಂಪಲ್ಲದೆ 2021ರ ಅಕ್ಟೋಬರ್‌ನಿಂದ ಗುಲಾಬಿ, ನೇರಳೆ, ಹಸಿರು, ನೀಲಿಯೂ ಆಗುತ್ತದೆ. ರಬ್ಬರಿನ ಅಂಚು ಮರದಿಂದ 2 ಮಿ.ಮೀ.ಗಿಂತ ಹೆಚ್ಚು ಹೊರಗೂ ಒಳಗೂ ಇರಬಾರದು.

ಹೆಚ್ಚು ಜನ ಎಡವುವುದು ದಪ್ಪದಲ್ಲಿ. ರಬ್ಬರಿನ ಅಡಿಯ ಮೆತ್ತಗಿನ ಸ್ಪಂಜ್, ಮೇಲಿನ ರಬ್ಬರ್, ಗ್ಲೂ ಎಲ್ಲ ಸೇರಿ ಒಂದು ಬದಿಗೆ 4.0 ಮಿ.ಮೀ. ಮಿತಿ. ಸ್ಪಂಜ್ ಇಲ್ಲದ, ಪಿಂಪಲ್ (ಸಣ್ಣ ಗುಬುಟು) ಹೊರಮುಖವಾಗಿರುವ ರಬ್ಬರಿಗೆ 2.0 ಮಾತ್ರ. ‘ಮ್ಯಾಕ್ಸ್’ (ಅತಿ ದಪ್ಪ ಸ್ಪಂಜ್) ಎಂದು ಬರೆದ ರಬ್ಬರುಗಳು ಮೊದಲೇ ಮಿತಿಯ ಅಂಚಿನಲ್ಲಿರುತ್ತವೆ, ಅದರ ಮೇಲೆ ಗ್ಲೂ ಎರಡು ಮೂರು ಪದರ ಬಿದ್ದರೆ ಮುಗಿಯಿತು. ಆದ್ದರಿಂದ ಮಕ್ಕಳಿಗೆ 2.0 ಮಿ.ಮೀ. ಸ್ಪಂಜ್ ಸಾಕು ಎಂಬುದು ನನ್ನ ಅಭಿಪ್ರಾಯ. ಅಳೆಯಲು ಡಿಜಿಟಲ್ ವರ್ನಿಯರ್ ಬೇಕು. ಬರೀ ಮರವನ್ನು ಮೊದಲು ಅಳೆದು ಬರೆದಿಡಿ, ಒಂದು ಬದಿ ಅಂಟಿಸಿ ಮತ್ತೆ ಅಳೆಯಿರಿ. ಮರ 5.8 ಇದ್ದು ಈಗ 9.7 ಬಂದರೆ ರಬ್ಬರ್ 3.9, ಸರಿ. 9.9 ಬಂದರೆ ಹೋಗುವುದಿಲ್ಲ. ವರ್ನಿಯರನ್ನು ಒತ್ತಬೇಡಿ, ಮೆತ್ತಗಿನ ಸ್ಪಂಜ್ ತಗ್ಗಿ ಸುಳ್ಳು ಲೆಕ್ಕ ಕೊಡುತ್ತದೆ. ನಾಲ್ಕು ಕಡೆ ಅಳೆದು ಸರಾಸರಿ ತೆಗೆಯಿರಿ.

ಮುಂದಿನದು ಸಮತಟ್ಟು. ಸ್ಟೀಲ್ ಸ್ಕೇಲನ್ನು ರಬ್ಬರಿನ ಮೇಲೆ ಅಡ್ಡಕ್ಕೆ ಇಟ್ಟು ಬೆಳಕಿಗೆ ಹಿಡಿಯಿರಿ. ನಡುವೆ ತಗ್ಗಿದ್ದರೆ 0.5 ಮಿ.ಮೀ. ತನಕ ಬಿಡುತ್ತಾರೆ, ಉಬ್ಬಿದ್ದರೆ 0.2 ಮಾತ್ರ. ಬೈಕ್ ಮೆಕ್ಯಾನಿಕ್‌ಗಳ ಹತ್ತಿರವಿರುವ ಫೀಲರ್ ಗೇಜಿನ, ದಪ್ಪ ಬರೆದಿರುವ ತೆಳು ಲೋಹದ ಎಲೆಗಳನ್ನು ಸಂದಿಗೆ ತೂರಿಸಿದರೆ ತಗ್ಗು ನಿಖರವಾಗಿ ಗೊತ್ತಾಗುತ್ತದೆ. ಒಂದು ಬದಿ ಉಬ್ಬಿ, ಅದೇ ಜಾಗದಲ್ಲಿ ಇನ್ನೊಂದು ಬದಿ ತಗ್ಗಿದ್ದರೆ ತಪ್ಪು ಗ್ಲೂವಿನದಲ್ಲ, ಥಂಡಿ ಹಿಡಿದು ಮರವೇ ಬಾಗಿದೆ. ಅಂಥ ಮರಕ್ಕೆ ಹೊಸ ರಬ್ಬರಿಗೆಂದು ದುಡ್ಡು ಹಾಕಬೇಡಿ.

ಅಂಟಿಸಲು ನೀರಿನ ಗ್ಲೂ ಮಾತ್ರ. ಆವಿಯಾಗುವ ದ್ರಾವಕವಿರುವ ಗ್ಲೂಗಳಿಗೆ 2008ರಿಂದ ನಿಷೇಧ ಇದೆ, ಸೈಕಲ್ ಪಂಕ್ಚರಿನ ಸೊಲ್ಯೂಷನ್ ಕೂಡ ಬೇಡ. ಆವಿ ಅಳೆಯುವ ಯಂತ್ರ ಇದ್ದರೆ ಸಿಕ್ಕಿಬೀಳುತ್ತದೆ. ಚೆಂಡು ಹೆಚ್ಚು ಚಿಮ್ಮಲೆಂದು ಸ್ಪಂಜಿಗೆ ಹಚ್ಚುವ ಬೂಸ್ಟರ್ ಎಣ್ಣೆಯೂ ನಿಯಮಬಾಹಿರ, ಅದು ಸ್ಪಂಜನ್ನು ಉಬ್ಬಿಸಿ ದಪ್ಪವನ್ನೂ ಕೆಡಿಸುತ್ತದೆ. ಹೊಸ ರಬ್ಬರಿನ ಪೊಟ್ಟಣ ಬಿಚ್ಚಿ 72 ಗಂಟೆ ಗಾಳಿಯಾಡುವಲ್ಲಿ ಇಡಿ. ಗ್ಲೂವನ್ನು ಮರಕ್ಕೂ ಸ್ಪಂಜಿಗೂ ತೆಳುವಾಗಿ ಒಂದೊಂದು ಪದರ ಹಚ್ಚಿ, ಬಿಳಿ ಬಣ್ಣ ಪೂರ್ತಿ ಹೋಗಿ ಪಾರದರ್ಶಕವಾಗುವ ತನಕ ಕಾಯಿರಿ. ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಇದಕ್ಕೆ ತುಂಬ ಹೊತ್ತು ಬೇಕು. ಫ್ಯಾನ್ ಹಾಕಿ, ಹೇರ್ ಡ್ರೈಯರ್ ಬೇಡ. ಹಸಿ ಇರುವಾಗಲೇ ಅಂಟಿಸಿದರೆ ಒಳಗೆ ನೀರು ಸಿಕ್ಕಿಕೊಂಡು ಗುಳ್ಳೆ ಏಳುತ್ತದೆ, ಅಂಚು ಬಿಡುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲೋ ಸ್ಕೂಟರಿನ ಡಿಕ್ಕಿಯಲ್ಲೋ ಬ್ಯಾಟ್ ಬಿಟ್ಟರೂ ಇದೇ ಗತಿ.

ಪಂದ್ಯದ ಜಾಗದಲ್ಲಿ ಪರೀಕ್ಷೆಯ ಯಂತ್ರ ಇರಲಿ, ಇಲ್ಲದಿರಲಿ, ಆಟ ಶುರುವಾಗುವ ಮೊದಲು ಎದುರಾಳಿಗೂ ಅಂಪೈರಿಗೂ ಬ್ಯಾಟ್ ತೋರಿಸಲೇಬೇಕು. ಗೇಮುಗಳ ನಡುವಿನ ಬಿಡುವಿನಲ್ಲಿ ಅದನ್ನು ಟೇಬಲ್ ಮೇಲೆ ಬಿಡಬೇಕೆಂದು ಮಗಳಿಗೆ ಹೇಳಿಕೊಡಿ. ಆಡುವಾಗ ಅಕಸ್ಮಾತ್ ಪೆಟ್ಟಾಗಿ ಬಳಸಲಾರದಂತೆ ಆದರೆ ಮಾತ್ರ ಬದಲಾಯಿಸಲು ಬಿಡುತ್ತಾರೆ. ಪಂದ್ಯಕ್ಕೆ ಮೊದಲಿನ ಪರೀಕ್ಷೆಯಲ್ಲಿ ಬ್ಯಾಟ್ ಫೇಲಾದರೆ ಇನ್ನೊಂದರಲ್ಲಿ ಆಡಬಹುದು, ಹಾಗಾಗಿ ಎರಡನೆಯ ಬ್ಯಾಟನ್ನೂ ಇದೇ ರೀತಿ ಅಳೆದು ಚೀಲಕ್ಕೆ ಹಾಕಿ ಕಳಿಸಿ.