ಅಚ್ಚಿನ ತಪ್ಪಲ್ಲ, ಆದರೂ ತಪ್ಪು ನಮ್ಮದೇ

ಕಳೆದ ಸಂಚಿಕೆಯಲ್ಲಿ ಪುಟದ ಮೂಲೆಯ ಒಂದು ಪುಟ್ಟ ಬಾಕ್ಸ್‌ನಲ್ಲಿ ‘1899ರಲ್ಲಿ ಅಮೆರಿಕದ ಸಿವಾನೀ ಕಾಲೇಜು ಸತತ ಆರು ದಿನ ಫುಟ್‌ಬಾಲ್ ಆಡಿ ಐದು ಪಂದ್ಯ ಗೆದ್ದಿತು’ ಅಂತ ಹಾಕಿದ್ದೆವು. ಅದನ್ನು ಓದಿದ ಶಿವಮೊಗ್ಗದ ಓದುಗರೊಬ್ಬರು ಹೀಗೆ ಬರೆದಿದ್ದಾರೆ: “ನಾನು ಕಾಲೇಜಿನಲ್ಲಿ ಕಬಡ್ಡಿ ಆಡಿದವನು. ಎರಡು ದಿನ ಆಡಿದರೆ ಮೂರನೇ ದಿನ ಮೆಟ್ಟಿಲು ಹತ್ತೋಕೆ ಆಗ್ತಿರಲಿಲ್ಲ. ಇದು ಅಚ್ಚಿನ ತಪ್ಪೋ, ಬರೀ ಬುರುಡೆಯೋ?”

ಸ್ವಾಮಿ, ಬುರುಡೆ ಅಲ್ಲ. ಆದರೆ ‘ಸತತ’ ಅನ್ನೋದು ತಪ್ಪು, ಒಪ್ಪಿಕೊಳ್ಳುತ್ತೇನೆ. ನಡುವೆ ಒಂದು ಭಾನುವಾರ ಇತ್ತು, ಸಿವಾನೀ ಚರ್ಚಿನವರ ಕಾಲೇಜು, ಅವತ್ತು ಆಡಲಿಲ್ಲ. ಅಂದಹಾಗೆ, ಇದು ನಾವು ಆಡೋ ಕಾಲ್ಚೆಂಡಲ್ಲ, ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಅಮೆರಿಕನ್ ಫುಟ್‌ಬಾಲ್; ಎದುರಾಳಿಗಳೆಲ್ಲ ಬೇರೆ ಕಾಲೇಜು ತಂಡಗಳು. ನವೆಂಬರ್ 9, ಗುರುವಾರ, ಆಸ್ಟಿನ್‌ನಲ್ಲಿ ಟೆಕ್ಸಾಸ್ ಮೇಲೆ 12-0. ಮರುದಿನ ಹ್ಯೂಸ್ಟನ್‌ನಲ್ಲಿ ಟೆಕ್ಸಾಸ್ ಎ ಅಂಡ್ ಎಂ ಮೇಲೆ 10-0. ಶನಿವಾರ ನ್ಯೂ ಆರ್ಲಿಯನ್ಸ್‌ನಲ್ಲಿ ಟ್ಯುಲೇನ್ ಮೇಲೆ 23-0. ಸೋಮವಾರ ಬ್ಯಾಟನ್ ರೂಜ್‌ನಲ್ಲಿ ಲೂಸಿಯಾನ ಸ್ಟೇಟ್ ಮೇಲೆ 34-0. ಮಂಗಳವಾರ ಮೆಂಫಿಸ್‌ನಲ್ಲಿ ಮಿಸಿಸಿಪಿ ಮೇಲೆ 12-0. ಸೊನ್ನೆಗಳನ್ನು ಗಮನಿಸಿದಿರಾ? ಐದೂ ಪಂದ್ಯಗಳಲ್ಲಿ ಎದುರಾಳಿಗೆ ಒಂದು ಅಂಕವೂ ಸಿಗಲಿಲ್ಲ. ರಾತ್ರಿ ರೈಲಿನಲ್ಲಿ ಮಲಗೋದು, ಹಗಲು ಇಳಿದು ಆಡೋದು. ಹೋಗಿ ಬರುವಷ್ಟರಲ್ಲಿ ಸುಮಾರು 2,500 ಮೈಲಿ.

ಆಗಿನ ಆಟವನ್ನು ಈಗಿನ ಟಿವಿ ಆಟ ಅಂದುಕೊಂಡರೆ ನಿಮ್ಮ ಅನುಮಾನ ಸಹಜ. ಈಗ ದಾಳಿಗೆ ಒಂದು ಗುಂಪು, ತಡೆಯೋಕೆ ಇನ್ನೊಂದು. ಆಗ ಎರಡೂ ಕೆಲಸ ಅದೇ ಹನ್ನೊಂದು ಜನರದ್ದು. ಚೆಂಡನ್ನು ಮುಂದಕ್ಕೆ ಎಸೆದು ಪಾಸ್ ಕೊಡೋದಕ್ಕೆ 1906ರವರೆಗೆ ಅವಕಾಶವೇ ಇರಲಿಲ್ಲ. ಮೂರು ಯತ್ನದಲ್ಲಿ ಐದು ಗಜ ಮುಂದೆ ಹೋಗಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಅಂದರೆ ಗುಂಪುಗೂಡಿ ನುಗ್ಗೋದೇ ಆಟ. ನಿಮ್ಮ ಕಬಡ್ಡಿಯವರಿಗೆ ಇದು ನಮಗಿಂತ ಬೇಗ ಅರ್ಥವಾಗುತ್ತೆ.

ನಾವು ಬಾಕ್ಸ್‌ನಲ್ಲಿ ಬಿಟ್ಟ ದೊಡ್ಡ ವಿಷಯ ಬೇರೆ. ಹೀಗೆ ಮೈ ಮುರಿದುಕೊಂಡು ಯಾಕೆ ಆಡಿದರು? ದಾಖಲೆ ಮಾಡೋಕಲ್ಲ, ದುಡ್ಡಿಗೆ. ನೆರೆಯ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಜೊತೆಗಿನ ಪಂದ್ಯ ಅವರಿಗೆ ಒಳ್ಳೆಯ ಕಲೆಕ್ಷನ್ ತರುತ್ತಿತ್ತು. ಆ ವರ್ಷ ಟಿಕೆಟ್ ಹಣ ಹಂಚಿಕೊಳ್ಳೋದರಲ್ಲಿ ಜಗಳವಾಗಿ ಪಂದ್ಯವೇ ರದ್ದಾಯಿತು. ಆ ನಷ್ಟ ತುಂಬಿಸಲು ತಂಡದ ಮ್ಯಾನೇಜರ್ ಲ್ಯೂಕ್ ಲೀ ಎಂಬ ವಿದ್ಯಾರ್ಥಿ, ಒಂದೇ ರೈಲು ಪ್ರವಾಸದಲ್ಲಿ ಎಷ್ಟು ಪಂದ್ಯ ಆಗುತ್ತೋ ಅಷ್ಟನ್ನೂ ಗಿಟ್ಟಿಸಿದ. ಊರೂರಿನ ನೀರು ಕುಡಿದು ಹುಡುಗರ ಹೊಟ್ಟೆ ಕೆಟ್ಟೀತು ಅಂತ ಸಿವಾನೀ ಬುಗ್ಗೆಯ ನೀರನ್ನೇ ಎರಡು ಪೀಪಾಯಿ ತುಂಬಿಸಿಕೊಂಡು ಹೊರಟ. ಅದೆಲ್ಲ ನೆನಪಿತ್ತು, ಆಟಗಾರರ ಶೂಗಳೇ ಹಿಂದೆ ಉಳಿದವು, ಆಮೇಲೆ ತರಿಸಬೇಕಾಯಿತು ಅಂತ ಈಗಲೂ ಕಥೆ ಹೇಳುತ್ತಾರೆ!

ಈ ಲೀ ಸಾಮಾನ್ಯ ಆಸಾಮಿ ಅಲ್ಲ. ಮುಂದೆ ಅಮೆರಿಕದ ಸೆನೆಟರ್ ಆದ. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರ ಜನವರಿಯಲ್ಲಿ, ಹಾಲೆಂಡಿನಲ್ಲಿ ಆಶ್ರಯ ಪಡೆದಿದ್ದ ಜರ್ಮನಿಯ ಮಾಜಿ ಚಕ್ರವರ್ತಿ ಕೈಸರ್‌ನನ್ನು ಎತ್ತಿಕೊಂಡು ಬರೋಕೆ ಗೆಳೆಯರ ಜೊತೆ ಹೋದ. ಕೈಸರ್ ಸಿಗಲಿಲ್ಲ, ಗೆಳೆಯನೊಬ್ಬ ಅಲ್ಲಿಂದ ಒಂದು ಆಶ್‌ಟ್ರೇ ಎತ್ತಿಕೊಂಡು ಬಂದ. ಅಂಥವನಿಗೆ ಐದು ಪಂದ್ಯ ಹೊಂದಿಸೋದು ಯಾವ ಲೆಕ್ಕ, ಅಲ್ವಾ?

‘ಎದುರಾಳಿಗಳು ಎಳೆ ಮಕ್ಕಳಿರಬೇಕು’ ಅಂತಲೂ ಬರೆದಿದ್ದೀರಿ. ಈಗ ಟೆಕ್ಸಾಸ್, ಲೂಸಿಯಾನ ಸ್ಟೇಟ್ ದೈತ್ಯ ತಂಡಗಳು, ಆಗಿನ್ನೂ ಹಾಗಿರಲಿಲ್ಲ, ನಿಜ. ಆದರೆ ಇಡೀ ಋತುವಿನ 12 ಪಂದ್ಯಗಳನ್ನೂ ಗೆದ್ದು, 322 ಅಂಕ ಗಳಿಸಿ, ಬಿಟ್ಟುಕೊಟ್ಟಿದ್ದು ಬರೀ 10. ಆ ಹತ್ತೂ ಆಬರ್ನ್ ಎಂಬ ಕಾಲೇಜಿನ ಜೊತೆಗಿನ ಪಂದ್ಯದಲ್ಲಿ. ಅದನ್ನು 11-10ರಲ್ಲಿ ಒಂದೇ ಅಂಕದಿಂದ ಗೆದ್ದರು, ಆ ಆಬರ್ನ್ ತಂಡಕ್ಕೆ ತರಬೇತಿ ಕೊಟ್ಟವನು ಜಾನ್ ಹೈಸ್‌ಮನ್, ಈಗ ಕಾಲೇಜು ಫುಟ್‌ಬಾಲಿನ ದೊಡ್ಡ ಪ್ರಶಸ್ತಿ ಇರುವುದು ಅವನ ಹೆಸರಲ್ಲೇ.

ಮುಂದೇನಾಯ್ತು ಅಂತ ಕೇಳಿದ್ದೀರಿ. 1932ರಲ್ಲಿ ಸಿವಾನೀ ದಕ್ಷಿಣದ ದೊಡ್ಡ ಕಾಲೇಜುಗಳ ಜೊತೆ ಒಂದು ಲೀಗ್ ಸೇರಿತು. ಆ ಲೀಗಿನಲ್ಲಿ ಒಂದೇ ಒಂದು ಫುಟ್‌ಬಾಲ್ ಪಂದ್ಯ ಗೆಲ್ಲಲಿಲ್ಲ, 1940ರಲ್ಲಿ ಬಿಟ್ಟು ಬಂತು. ಈಗಲೂ ಆಡುತ್ತಾರೆ, ತಮ್ಮಂಥ ಸಣ್ಣ ಕಾಲೇಜುಗಳ ಜೊತೆ.

ನಿಮ್ಮ ಕಬಡ್ಡಿ ತಂಡದ ಫೋಟೊ ಇದೆ ಅಂದಿದ್ದೀರಲ್ಲ, ಕಳಿಸಿ. ಈ ಸಲ ಬಾಕ್ಸ್ ಸರಿಯಾಗಿ ಹಾಕುತ್ತೇವೆ.

— ಸಂ.