ಸೈನ್ಯವಿದ್ದ ಅರಸು ಸನ್ಯಾಸಿಗೆ ಹೆದರುತ್ತಾನೆಯೇ?

ಮದ್ದೂರಿನಿಂದ ಬರೆದ ಓದುಗರಿಗೆ ನಮಸ್ಕಾರ.

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ನಮ್ಮ ಧಾರಾವಾಹಿಯ ಮೇಲೆ ನಿಮ್ಮ ತಕರಾರು ಎರಡು. ಕಲ್ಪನೆಯ ರಾಜ್ಯ ಎಂದಮೇಲೆ ಕತ್ತಿ, ಮಾಟ, ಯುದ್ಧ ಬೇಕು. ಇಲ್ಲಿ ಕಂತುಗಟ್ಟಲೆ ಹೆಣ್ಣು ಕೇಳುವುದು, ಗಂಡು ಒಪ್ಪಿಸುವುದೇ ಆಯಿತು ಎನ್ನುತ್ತೀರಿ. ಇನ್ನೊಂದು, ಹೊಳೆಸೀಮೆಯ ಅರಸು ಬೆಟ್ಟದವರಿಗೆ ಮಗಳನ್ನು ಕೊಡಲು ಹೊರಟಾಗ ಗುರುಗಳು “ಈ ಲಗ್ನಕ್ಕೆ ನಾನು ಬರುವುದಿಲ್ಲ” ಎಂದರು, ಅಷ್ಟಕ್ಕೇ ಅರಸು ಕೈಬಿಟ್ಟ. ಅಷ್ಟು ದೊಡ್ಡ ಸೈನ್ಯ ಇಟ್ಟುಕೊಂಡವನು ಒಬ್ಬ ಸನ್ಯಾಸಿಗೆ ಹೆದರುತ್ತಾನೆಯೇ ಎಂದು ಕೇಳಿದ್ದೀರಿ.

ಮೊದಲನೆಯದು ಅವರವರ ರುಚಿ, ಬಿಡಿ. ಎರಡನೆಯದಕ್ಕೆ ದೂರ ಹೋಗಬೇಕಿಲ್ಲ.

1399ರದು ಎನ್ನುವ ಮೈಸೂರಿನ ಕತೆ ನಿಮಗೂ ಗೊತ್ತಿರುತ್ತದೆ. ಮನೆಯ ಯಜಮಾನ ಇಲ್ಲ. ಉಳಿದವರು ರಾಣಿ ದೇವಾಜಮ್ಮಣ್ಣಿ, ಮಗಳು ಚಿಕ್ಕದೇವರಸಿ. ಕಾರುಗಹಳ್ಳಿಯ ಮಾರನಾಯಕ ಹುಡುಗಿಯನ್ನು ಕೊಡಿ ಎಂದು ಪಟ್ಟು ಹಿಡಿಯುತ್ತಾನೆ. ಹುಡುಗಿಯ ಹಿಂದೆ ಸೀಮೆಯೂ ಬರುತ್ತದಲ್ಲ. ದ್ವಾರಕೆಯಿಂದ ಬಂದರೆನ್ನುವ ಅಣ್ಣತಮ್ಮಂದಿರು ರಾಣಿಯ ನೆರವಿಗೆ ನಿಲ್ಲುತ್ತಾರೆ, ನಡುವೆ ಸೂತ್ರ ಹಿಡಿದವನು ಒಬ್ಬ ಜಂಗಮ. ಮಾರನಾಯಕ ಸತ್ತ. ಆ ಅಣ್ಣತಮ್ಮಂದಿರಲ್ಲೊಬ್ಬನಾದ ಯದುರಾಯ ಅದೇ ಹುಡುಗಿಯ ಕೈಹಿಡಿದ, ಅದೇ ಸೀಮೆ ಪಡೆದ, ಜಂಗಮನ ಋಣಕ್ಕೆ ಒಡೆಯರ್ ಎಂದು ಹೆಸರಿಗೆ ಸೇರಿಸಿಕೊಂಡ.

ಇಬ್ಬರಿಗೂ ಬೇಕಾಗಿದ್ದು ಒಂದೇ, ಹಿಡಿದ ದಾರಿಯೂ ಒಂದೇ. ಒಬ್ಬ ಖಳನಾದ, ಇನ್ನೊಬ್ಬ ವಂಶದ ಮೂಲಪುರುಷನಾದ. ಇದು ಗೆದ್ದವರು ಹೇಳಿಸಿದ ಕತೆ ಎಂದು ನೀವು ಅನ್ನಬಹುದು, ನಾನೂ ಅನ್ನುತ್ತೇನೆ. ಆದರೆ ಗೆದ್ದವರಿಗೂ ಕತ್ತಿಯೊಂದೇ ಸಾಲಲಿಲ್ಲ ನೋಡಿ. ತಾಯಿಯ ಒಪ್ಪಿಗೆಯನ್ನೂ ಜಂಗಮನ ಹರಕೆಯನ್ನೂ ಕತೆಯೊಳಗೆ ತಂದು ನಿಲ್ಲಿಸಬೇಕಾಯಿತು.

ನಮ್ಮ ಹೊಳೆಸೀಮೆಯ ಅರಸಿಗೂ ಹೆದರಿಕೆ ಶಾಪದ್ದಲ್ಲ. ಗುರು ಬಾರದ ಮದುವೆಯಲ್ಲಿ ಹುಟ್ಟಿದ ಕೂಸನ್ನು ನಾಳೆ ದಾಯಾದಿಗಳು ಪಟ್ಟಕ್ಕೆ ಒಪ್ಪುವುದಿಲ್ಲ. ನೀವು ಹೇಳುವ ಆ ಸೈನ್ಯದ ದಂಡನಾಯಕರು ಯಾರು? ಅದೇ ದಾಯಾದಿಗಳು. ಒಪ್ಪುವವರು ಯಾರು ಎಂಬುದೇ ಮುಖ್ಯ, ಮೈಸೂರನ್ನೇ ನೋಡಿ. 1865ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡಾಗ ವಿಧಿಯಲ್ಲಿ ಯಾವ ಕೊರತೆಯೂ ಇರಲಿಲ್ಲ. ಆದರೂ ಬ್ರಿಟಿಷರು ಒಪ್ಪಿದ್ದು 1867ರಲ್ಲಿ. ಅಷ್ಟು ಹೊತ್ತಿಗೆ ವಾರಸುದಾರ ಯಾರು ಎಂದು ಹೇಳುವ ಹಕ್ಕು ಮಠ, ಅರಮನೆ ಎರಡನ್ನೂ ದಾಟಿ ಹೋಗಿತ್ತು.

ಹಾಗೆಂದು ಲೇಖಕರನ್ನು ಪೂರ್ತಿ ಬಚಾವು ಮಾಡುತ್ತಿಲ್ಲ. ಅವರ ಗುರುಗಳು ತೀರಾ ನಿಸ್ಪೃಹರು. ಯಾವ ಮಠಕ್ಕೆ ಉಂಬಳಿ ಊರುಗಳಿಲ್ಲ, ಕಣಜವಿಲ್ಲ, ಎದುರುಮಠವಿಲ್ಲ? ಬೆಟ್ಟದವರ ಸೊಸೆಯಾದರೆ ಅವಳ ಜೊತೆ ಬೆಟ್ಟದ ಮಠವೂ ಇಳಿದು ಬರುತ್ತದೆ ಎಂಬ ಲೆಕ್ಕಾಚಾರ ಒಂದು ಸಾಲಿನಲ್ಲಾದರೂ ಇರಬೇಕಿತ್ತು. ರಾಜಕುಮಾರಿಯಂತೂ ಬಾಯಿ ಬಿಡುವುದೇ ಇಲ್ಲ. ನಮ್ಮ ಶಾಂತಲೆಯನ್ನು ನೋಡಿ. ಗಂಡ ವಿಷ್ಣುವರ್ಧನ 1117ರಲ್ಲಿ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದ. ಜೈನಳಾದ ಆಕೆ 1123ರಲ್ಲಿ ಶ್ರವಣಬೆಳಗೊಳದಲ್ಲಿ ಬಸದಿ ಕಟ್ಟಿಸಿ, ಅದಕ್ಕೆ ‘ಸವತಿಗಂಧವಾರಣ’ ಎಂಬ ತನ್ನ ಬಿರುದನ್ನೇ ಇಟ್ಟಳು. ಸವತಿಯರ ಪಾಲಿಗೆ ಮದ್ದಾನೆ! ಅಂತಃಪುರದ ಗದ್ದಲ ಕಲ್ಲಿನಲ್ಲೇ ಇದೆ.

ಲೇಖಕರಿಗೆ ಒಂದು ಸಲಹೆ ಕೊಟ್ಟಿದ್ದೇನೆ, ಅದು ನಿಮ್ಮ ಜಿಲ್ಲೆಯದೇ. ಮೇಲುಕೋಟೆಯ ವೈರಮುಡಿ ಕಿರೀಟ ಮಂಡ್ಯದ ಸರ್ಕಾರಿ ಖಜಾನೆಯಲ್ಲಿರುತ್ತದೆ. ಉತ್ಸವದ ದಿನ ಪೂಜೆಯಾಗಿ, ಪೊಲೀಸ್ ಬಂದೋಬಸ್ತಿನಲ್ಲಿ ಬೆಟ್ಟ ಹತ್ತುತ್ತದೆ, ರಾತ್ರಿ ಚೆಲುವನಾರಾಯಣನ ಮುಡಿಗೇರುತ್ತದೆ. ಪೆಟ್ಟಿಗೆ ಕಾಯುವವರು ಸರ್ಕಾರದವರು, ಮುಡಿಸುವವರು ಅರ್ಚಕರು. ಪಟ್ಟಾಭಿಷೇಕದ ಕಂತಿನಲ್ಲಿ ಕಿರೀಟದ ಬೀಗದ ಕೈ ಅರಸನ ಸೊಂಟದಲ್ಲಿರಲಿ, ಅದನ್ನು ತಲೆಗಿಡುವ ಅಧಿಕಾರ ಗುರುವಿಗಿರಲಿ, ಆಮೇಲೆ ಏನಾಗುತ್ತದೋ ಬರೆಯಿರಿ ಎಂದಿದ್ದೇನೆ.

ಯುದ್ಧ ಯಾವಾಗ ಎಂದು ಕೊನೆಯಲ್ಲಿ ಕೇಳಿದ್ದೀರಿ. ದೀಪಾವಳಿ ಸಂಚಿಕೆಯಲ್ಲಿದೆ. ಅದೂ ಬೀಗರ ನಡುವೆಯೇ.

— ಸಂಪಾದಕ